ಮಾದರಿ ರೈಲುಗಳಿಗೆ ಮರುಬಣ್ಣ: 0.3 ಮಿ.ಮೀ. ಏರ್‌ಬ್ರಷ್ ಜೊತೆ ಕೆಲವು ವರ್ಷ

ಮಾದರಿ ರೈಲು ತಯಾರಿಸುವವರು ಒಂದು ಎಂಜಿನ್ನಿಗೆ ಅಚ್ಚು ಮಾಡಿದ ಮೇಲೆ ಹೆಚ್ಚು ಜನ ಗುರುತು ಹಿಡಿಯುವ ಬಣ್ಣಗಳಲ್ಲೇ ಅದನ್ನು ಹೊರತರುತ್ತಾರೆ. ವ್ಯಾಪಾರದ ದೃಷ್ಟಿಯಿಂದ ಅದು ಸರಿಯೇ. ಆದರೆ ನನ್ನನ್ನು ಸೆಳೆಯುವುದು ಸಾಲಿಗೆ ಸೇರದ ಎಂಜಿನ್‌ಗಳು. ಅಮೆರಿಕದ ಸದರ್ನ್ ಪೆಸಿಫಿಕ್ ಮತ್ತು ಸ್ಯಾಂಟಾ ಫೆ ರೈಲ್ವೆಗಳು ತಮ್ಮ ವಿಲೀನ ಆಗಿಯೇ ತೀರುತ್ತದೆಂದು ನಂಬಿ ನೂರಾರು ಎಂಜಿನ್‌ಗಳಿಗೆ ಕೆಂಪು, ಹಳದಿ ಬಳಿದು, ಪಕ್ಕದಲ್ಲಿ ತಮ್ಮ ತಮ್ಮ ಎರಡಕ್ಷರ ಮಾತ್ರ ಬರೆದು, ಉಳಿದೆರಡಕ್ಕೆ ಜಾಗ ಬಿಟ್ಟಿದ್ದವು. 1986ರಲ್ಲಿ ಅಂತರರಾಜ್ಯ ವಾಣಿಜ್ಯ ಆಯೋಗ ವಿಲೀನವನ್ನು ತಳ್ಳಿಹಾಕಿತು. ಅರ್ಧ ಹೆಸರು ಹೊತ್ತ ಆ ಎಂಜಿನ್‌ಗಳು ಹಾಗೆಯೇ ಓಡಾಡಿದವು. ಈ ಬಣ್ಣದ ಮಾದರಿಗಳು ಸಿಗುತ್ತವೆ, ನಿಜ. ಆದರೆ ಬಿಸಿಲಿಗೆ ಬಿಳಿಚಿಕೊಂಡ, ಸಂಖ್ಯೆಯ ಮೇಲೆ ತೇಪೆ ಬಿದ್ದ, ಯಾವುದೋ ಒಂದು ಫೋಟೋದಲ್ಲಿ ಕಂಡ ಅದೇ ಎಂಜಿನ್ ಬೇಕೆಂದರೆ ಕೈಯಾರೆ ಮಾಡಿಕೊಳ್ಳಬೇಕು.

ಆ ಕೆಲಸಕ್ಕೆಂದು ಕೊಂಡದ್ದು ಗಾಳಿಯ ಒತ್ತಡದಿಂದ ಬಣ್ಣವನ್ನು ತುಂತುರಾಗಿ ಸಿಂಪಡಿಸುವ, ಮಧ್ಯಮ ದರ್ಜೆಯ ಏರ್‌ಬ್ರಷ್: ಮೇಲೆ ಬಣ್ಣದ ಬಟ್ಟಲು, ತುದಿಯಲ್ಲಿ ಬಣ್ಣ ಹೊರಬೀಳುವ 0.3 ಮಿ.ಮೀ. ನಾಜಲ್, ಅದರೊಳಗೆ ಬಣ್ಣವನ್ನು ಹಿಡಿದಿಡುವ ಸೂಜಿ, ಡ್ಯುಯಲ್ ಆ್ಯಕ್ಷನ್ ಗುಂಡಿ. ಗುಂಡಿಯನ್ನು ಒತ್ತಿದರೆ ಗಾಳಿ, ಹಿಂದಕ್ಕೆ ಎಳೆದರೆ ಬಣ್ಣ. ಕೆಲವು ವರ್ಷಗಳಿಂದ ಹೆಚ್ಚಾಗಿ ಎಚ್‌ಒ ಅಳತೆಯ, ಅಂದರೆ 1:87ರ ಎಂಜಿನ್ ಮತ್ತು ಬೋಗಿಗಳಿಗೆ ಬಳಸುತ್ತಿದ್ದೇನೆ. ಇದಕ್ಕಿಂತ ಅಗ್ಗದ್ದರಲ್ಲಿ ಕೆಲಸ ಆಗುವುದಿಲ್ಲವೇ ಎಂದು ಕೇಳುವವರಿಗೆ ನನ್ನ ಉತ್ತರ ಒಂದೇ ಲೆಕ್ಕ. ಡಬ್ಬಿಯ ಸ್ಪ್ರೇಯಿಂದಲೋ ಕುಂಚದಿಂದಲೋ ಬಣ್ಣದ ಪದರ 0.05 ಮಿ.ಮೀ. ದಪ್ಪ ಕೂತಿತು ಎನ್ನಿ. 87ರಿಂದ ಗುಣಿಸಿದರೆ ಅದು ನಿಜವಾದ ಎಂಜಿನ್ನಿನ ಮೇಲೆ ನಾಲ್ಕು ಮಿಲಿಮೀಟರಿಗೂ ಹೆಚ್ಚು ದಪ್ಪ ಬಳಿದಂತೆ! ರಿವೆಟ್ಟುಗಳು ಮುಳುಗುತ್ತವೆ, ಬಾಗಿಲಿನ ಸಂದುಗಳು ಹೂತುಹೋಗುತ್ತವೆ, ಗಾಳಿಕಿಂಡಿಯ ಪಟ್ಟಿಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅಚ್ಚು ಮಾಡಿದವರು ಪಟ್ಟ ಶ್ರಮವೆಲ್ಲ ಬಣ್ಣದಡಿ ಸಮಾಧಿ. ಏರ್‌ಬ್ರಷ್ ಕೊಡುವುದು ಮುಖ್ಯವಾಗಿ ತೆಳು ಪದರ, ಉಳಿದದ್ದೆಲ್ಲ ಆಮೇಲಿನ ಮಾತು.

ಹಾಗಾಗಿಯೇ 0.2 ಮಿ.ಮೀ. ನಾಜಲ್ಲಿನ ಮೋಹ ನನಗೆ ಅರ್ಥವಾಗುವುದಿಲ್ಲ. ಕೂದಲೆಳೆಯಷ್ಟು ಸಣ್ಣ ಗೆರೆ ಎಳೆಯುತ್ತದೆ ಎಂದು ಜಾಹೀರಾತು ಹೇಳುತ್ತದೆ, ಎಳೆಯುತ್ತದೆ ಕೂಡ. ಆದರೆ ರೈಲಿನ ಮೈಮೇಲೆ ಕೈಬೀಸಿನಲ್ಲಿ ಗೆರೆ ಎಳೆಯುವವರು ಯಾರು? ಇಲ್ಲಿ ಪ್ರತಿಯೊಂದು ಪಟ್ಟಿಯೂ ಬಣ್ಣ ಬೇಡದ ಜಾಗ ಮುಚ್ಚುವ ಮಾಸ್ಕಿಂಗ್ ಟೇಪಿನ ಅಂಚಿನಿಂದಲೇ ಹುಟ್ಟುವುದು. ನಮಗೆ ಬೇಕಾದದ್ದು ಉದ್ದನೆಯ ಬೋಗಿಯ ಈ ತುದಿಯಿಂದ ಆ ತುದಿಗೆ ಒಂದೇ ಸಮನಾದ ಹೊದಿಕೆ. ಜೊತೆಗೆ 0.2ರಲ್ಲಿ ನೀರಿನಲ್ಲಿ ಕರಗುವ ಅಕ್ರಿಲಿಕ್ ಬಣ್ಣ ಸೂಜಿಯ ತುದಿಯಲ್ಲಿ ಬೇಗ ಒಣಗಿ ಕಟ್ಟಿಕೊಳ್ಳುತ್ತದೆ, ಲೋಹದ ಮಿನುಗಿನ ಬಣ್ಣವಂತೂ ಸಿಕ್ಕಿಹಾಕಿಕೊಳ್ಳುತ್ತದೆ. 0.3ರಲ್ಲೂ ಅಕ್ರಿಲಿಕ್ ಒಣಗುವುದುಂಟು. ಒಣಗುವುದನ್ನು ನಿಧಾನಿಸುವ ದ್ರಾವಣವನ್ನು ಕೆಲವು ಹನಿ ಬೆರೆಸಿ, ನಡುನಡುವೆ ಒದ್ದೆ ಹತ್ತಿಕಡ್ಡಿಯಿಂದ ಸೂಜಿತುದಿಯನ್ನು ಒರೆಸಿದರೆ ಸಾಕು. ಬಣ್ಣ ಹಾಲಿನಷ್ಟು ತೆಳುವಾಗಿರಬೇಕು, ಗಾಳಿಯ ಒತ್ತಡ 1ರಿಂದ 1.4 ಬಾರ್. ಕಂಪ್ರೆಸರಿಗೆ ಗಾಳಿ ತುಂಬಿಡುವ ಟ್ಯಾಂಕ್ ಮತ್ತು ತೇವ ಹಿಡಿಯುವ ಸೋಸುಕ ಇರಲೇಬೇಕು. ಇಲ್ಲದಿದ್ದರೆ ಕೊಳವೆಯಲ್ಲಿ ಸೇರಿದ ನೀರಿನ ಹನಿ ಹೊಸ ಬಣ್ಣದ ಮೇಲೆ ಉಗುಳಿದಂತೆ ಬೀಳುತ್ತದೆ.

ಹಳದಿಯ ಬಗ್ಗೆ ಒಂದು ಮಾತು. ಹಳದಿ ಬಣ್ಣಗಳಿಗೆ ಅಡಿಯದನ್ನು ಮುಚ್ಚುವ ಶಕ್ತಿ ಕಡಿಮೆ. ಬೂದು ಪ್ರೈಮರ್ (ಅಡಿಪದರ) ಮೇಲೆ ಹೊಡೆದರೆ ಹಸಿರು ಛಾಯೆ ಇಣುಕುತ್ತದೆ, ಅದನ್ನು ಮುಚ್ಚಲು ಹೋದರೆ ಪದರ ದಪ್ಪವಾಗುತ್ತದೆ. ಅಡಿಗೆ ಬಿಳಿ ಅಥವಾ ತಿಳಿ ಗುಲಾಬಿ ಹಾಕಿದರೆ ಹಳದಿ ಎರಡು ತೆಳು ಸುತ್ತಿನಲ್ಲೇ ಬೆಚ್ಚಗೆ ನಿಲ್ಲುತ್ತದೆ. ತಿಳಿ ಬಣ್ಣ ಮೊದಲು, ಗಾಢ ಬಣ್ಣ ಆಮೇಲೆ. ಟೇಪಿನ ಅಂಚಿಗೆ ಮೊದಲು ಅಡಿಯ ಬಣ್ಣವನ್ನೇ ಇನ್ನೊಮ್ಮೆ ತೆಳ್ಳಗೆ ಹಾಯಿಸಿ, ನಂತರ ಮೇಲಿನ ಬಣ್ಣ ಹಾಯಿಸುತ್ತೇನೆ. ಒಳಗೆ ನುಸುಳುವುದಿದ್ದರೆ ಅಡಿಯ ಬಣ್ಣವೇ ನುಸುಳಿ ಸಂದು ಮುಚ್ಚಿಕೊಳ್ಳುತ್ತದೆ. ಡಬ್ಬಿಯ ಸ್ಪ್ರೇಯಲ್ಲಿ ಇಷ್ಟು ಹಗುರವಾಗಿ ಹಾಯಿಸಲು ಆಗದು.

ಇನ್ನು ದೂರುಗಳು. ಕೈಪಿಡಿಯಲ್ಲಿ ಎಲ್ಲ ಬಗೆಯ ಬಣ್ಣಕ್ಕೂ ಸೂಕ್ತ ಎಂದು ಬರೆದಿದ್ದರು. ಥಿನ್ನರಿನಲ್ಲಿ ತೆಳುಗೊಳಿಸುವ ಲ್ಯಾಕರ್ ಬಣ್ಣ ಬಳಸತೊಡಗಿದ ಮೇಲೆ ಒಳಗಿನ ರಬ್ಬರ್ ಉಂಗುರ ಥಿನ್ನರಿಗೆ ಉಬ್ಬಿ, ಸೂಜಿ ಬಿಗಿದುಕೊಂಡು, ಗುಂಡಿ ಹಿಂದಕ್ಕೆ ಬಂದರೆ ಮುಂದಕ್ಕೆ ಹೋಗದಂತಾಯಿತು. ಕಂಪನಿಗೆ ಬರೆದರೆ ಚೆನ್ನಾಗಿ ತೊಳೆಯಿರಿ ಎಂಬ ಉಪದೇಶ ಬಂತು, ಉಂಗುರ ಬರಲಿಲ್ಲ. ಕೊನೆಗೆ ಟೆಫ್ಲಾನ್ ಉಂಗುರ ಹುಡುಕಿ ಹಾಕಿಕೊಂಡೆ, ಅಂದಿನಿಂದ ತಂಟೆಯಿಲ್ಲ. ಲ್ಯಾಕರ್ ಹೊಡೆಯುವ ಯೋಚನೆಯಿದ್ದರೆ ಕೊಳ್ಳುವ ಮುನ್ನವೇ ಉಂಗುರ ಯಾವುದರದ್ದೆಂದು ವಿಚಾರಿಸಿ. ಗಾಳಿ ಹೊರಹೋಗುವ ವ್ಯವಸ್ಥೆ ಮತ್ತು ಆವಿ ತಡೆಯುವ ಮುಖಗವಸು ಇಲ್ಲದೆ ಲ್ಯಾಕರ್ ಮುಟ್ಟಲೇಬೇಡಿ.

ಎರಡನೆಯದು ನಾಜಲ್. ಅಕ್ಕಿಕಾಳಿಗಿಂತ ಚಿಕ್ಕದಾದ ಈ ಹಿತ್ತಾಳೆಯ ತುಂಡು ತಿರುಪಿನಿಂದ ಕೂರುತ್ತದೆ, ತುಸು ಹೆಚ್ಚು ಬಿಗಿದರೆ ಸೀಳುತ್ತದೆ. ಬಟ್ಟಲಿನ ಬಣ್ಣದಲ್ಲಿ ಗುಳ್ಳೆಗಳು ಏಳತೊಡಗಿದರೆ ಗಾಳಿ ಹಿಂದಕ್ಕೆ ನುಗ್ಗುತ್ತಿದೆ ಎಂದರ್ಥ: ನಾಜಲ್ ಸಡಿಲವಾಗಿದೆ, ಇಲ್ಲವೇ ಸೀಳಿದೆ. ತಿರುಪಿಲ್ಲದೆ ತಾನಾಗಿ ಕೂರುವ ನಾಜಲ್ ಇರುವ ಏರ್‌ಬ್ರಷ್‌ಗಳೂ ಇವೆ. ಈಗ ಕೊಳ್ಳುವುದಾದರೆ ನಾನು ಅದನ್ನೇ ಆರಿಸುತ್ತೇನೆ. ನಾಜಲ್, ಸೂಜಿ ಬಿಡಿಯಾಗಿ ಸಿಗದ ಏರ್‌ಬ್ರಷ್ ಎಷ್ಟೇ ಹೊಳೆಯುತ್ತಿದ್ದರೂ ಬೇಡ. ಸೂಜಿಯ ತುದಿ ಒಂದಲ್ಲ ಒಂದು ದಿನ ಬಾಗಿಯೇ ಬಾಗುತ್ತದೆ.

ತೊಳೆಯುವುದು ಬೇಸರದ ಕೆಲಸ. ಬಣ್ಣ ಹಾಯಿಸುವುದಕ್ಕಿಂತ ತೊಳೆಯುವುದಕ್ಕೇ ಹೆಚ್ಚು ಹೊತ್ತು ಹಿಡಿಯುತ್ತದೆ ಎಂದರೆ ಉತ್ಪ್ರೇಕ್ಷೆಯಲ್ಲ. ಸೂಜಿಯನ್ನು ಹಿಂದಿನಿಂದ ಎಳೆದು ತೆಗೆಯಬಹುದಾದ ವಿನ್ಯಾಸ ಇದ್ದುದರಿಂದ ಬಚಾವು.

ಅಕ್ಷರಗಳ ವಿಷಯದಲ್ಲಿ ಏರ್‌ಬ್ರಷ್‌ನಿಂದ ಉಪಯೋಗವಿಲ್ಲ. ಅದಕ್ಕೆ ಮುದ್ರಿತ ತೆಳು ಪೊರೆಯನ್ನು ನೀರಿನಲ್ಲಿ ಜಾರಿಸಿ ಅಂಟಿಸುವ ಡೆಕಾಲ್‌ಗಳೇ ಗತಿ. ತಯಾರಕರು ಮಾಡದ ಎಂಜಿನ್ನಿಗೆ ಡೆಕಾಲ್ ಕೂಡ ಹೆಚ್ಚಾಗಿ ಸಿಗುವುದಿಲ್ಲ, ಮನೆಯ ಇಂಕ್‌ಜೆಟ್ ಪ್ರಿಂಟರಿಗೆ ಬಿಳಿ ಬಣ್ಣ ಮುದ್ರಿಸಲು ಬರುವುದಿಲ್ಲ. ಹಿಂದೆ ಆಲ್ಪ್ಸ್ ಕಂಪನಿಯ ಮೈಕ್ರೋಡ್ರೈ ಪ್ರಿಂಟರುಗಳು ಬಿಳಿಯನ್ನೂ ಲೋಹದ ಬಣ್ಣಗಳನ್ನೂ ಮುದ್ರಿಸುತ್ತಿದ್ದವು; ಅವುಗಳ ತಯಾರಿಕೆ ನಿಂತಿದೆ. ಈಗ ಬಿಳಿ ಟೋನರ್ ಇರುವ ಲೇಸರ್ ಪ್ರಿಂಟರಿನಲ್ಲಿ ಮುದ್ರಿಸಿಕೊಡುವವರನ್ನು ಆಶ್ರಯಿಸಬೇಕು. ಆದರೂ ಡೆಕಾಲ್ ಚೆನ್ನಾಗಿ ಕೂರುವುದರಲ್ಲಿ ಏರ್‌ಬ್ರಷ್ ಪಾತ್ರವಿದೆ. ಅಡಿಯ ಮೇಲ್ಮೈ ಗಾಜಿನಂತೆ ನುಣುಪಾಗಿಲ್ಲದಿದ್ದರೆ ಡೆಕಾಲಿನ ಕೆಳಗೆ ಗಾಳಿ ಸಿಕ್ಕಿ ಬೆಳ್ಳಿಯಂತೆ ಹೊಳೆಯುತ್ತದೆ. ಹೊಳಪಿನ ವಾರ್ನಿಷ್ ಒಂದು ಸುತ್ತು ಮೊದಲು, ಡೆಕಾಲ್ ಒಣಗಿದ ಮೇಲೆ ಮಬ್ಬು ವಾರ್ನಿಷ್ ಒಂದು ಸುತ್ತು.

ಬರೀ ಸಂಖ್ಯೆ ಬದಲಿಸುವ ಆಸೆ ಇರುವವರು ಏರ್‌ಬ್ರಷ್‌ಗೆ ಹಣ ಸುರಿಯಬೇಕಿಲ್ಲ. ಡೆಕಾಲ್ ಮೆದುಗೊಳಿಸುವ ದ್ರಾವಣವನ್ನು ಹಳೆಯ ಮುದ್ರಿತ ಅಂಕಿಗಳ ಮೇಲೆ ಸ್ವಲ್ಪ ಹೊತ್ತು ನೆನೆಯಲು ಬಿಟ್ಟು, ಹಲ್ಲುಕಡ್ಡಿಯ ತುದಿಯಿಂದ ಮೆಲ್ಲಗೆ ಕೆರೆದರೆ ಎಷ್ಟೋ ಮಾದರಿಗಳಲ್ಲಿ ಅಡಿಯ ಬಣ್ಣಕ್ಕೆ ಪೆಟ್ಟಾಗದೆ ಅಂಕಿ ಎದ್ದುಬರುತ್ತದೆ. ಒಳಭಾಗದಲ್ಲಿ, ಯಾರಿಗೂ ಕಾಣದ ಕಡೆ, ಮೊದಲು ಪರೀಕ್ಷಿಸಿ ನೋಡಿ.