ಮಂಗಳವಾರದ ಮನೋರೋಗ ವಿಭಾಗ: ಒಂಬತ್ತು ಭೇಟಿಗಳ ನಂತರ

ಕಾರವಾರ ಕಡೆಯ ಮೀನುಗಾರರ ಕೇರಿಯೊಂದರ ಶಾಲೆಯಲ್ಲಿ ನಾನು ಶಿಕ್ಷಕಿ. ನನ್ನ ತರಗತಿಯ ಒಂಬತ್ತು ವರ್ಷದ ಹುಡುಗನೊಬ್ಬನನ್ನು, ಅವನ ತಾಯಿ ಕೇಳಿಕೊಂಡ ಮೇರೆಗೆ, ಜಿಲ್ಲೆಯ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಮಂಗಳವಾರ ನಡೆಯುವ ಮನೋರೋಗ ವಿಭಾಗಕ್ಕೆ ಕಳೆದ ಹದಿನಾಲ್ಕು ತಿಂಗಳಲ್ಲಿ ಒಂಬತ್ತು ಸಲ ಕರೆದುಕೊಂಡು ಹೋಗಿದ್ದೇನೆ. ಅಲ್ಲಿಗೆ ಮಕ್ಕಳನ್ನು ಕರೆದೊಯ್ಯಬೇಕೆಂದಿರುವವರಿಗೆ ಉಪಯೋಗವಾಗಲಿ ಎಂದು ಕಂಡದ್ದನ್ನು ಬರೆಯುತ್ತಿದ್ದೇನೆ. ರಾಜ್ಯದ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ಸಿಗುವಂತೆ ಮಾಡಿದ್ದು 2014ರಲ್ಲಿ ಆರಂಭವಾದ ಮನೋಚೈತನ್ಯ ಕಾರ್ಯಕ್ರಮ.

ಮೊದಲು ಒಳ್ಳೆಯದನ್ನು ಹೇಳುತ್ತೇನೆ. ಚೀಟಿ ಮಾಡಿಸುವಾಗ ಯಾರೂ ಮುಖ ಸಿಂಡರಿಸಲಿಲ್ಲ, ಹುಡುಗನನ್ನು ಯಾರೂ ಗದರಲಿಲ್ಲ, ಮಾತ್ರೆಗೆ ಒಂದು ರೂಪಾಯಿಯನ್ನೂ ಕೇಳಲಿಲ್ಲ. ಬಡತನ ರೇಖೆಗಿಂತ ಕೆಳಗಿರುವವರಿಗೆ, ಕಾರ್ಡು ಇರಲಿ ಇಲ್ಲದಿರಲಿ, ಸರ್ಕಾರಿ ಸಂಸ್ಥೆಗಳಲ್ಲಿ ಮಾನಸಿಕ ಆರೋಗ್ಯದ ಚಿಕಿತ್ಸೆ ಉಚಿತವಾಗಿ ಸಿಗಬೇಕೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೇ ಹೇಳುತ್ತದೆ. ಆ ಮಾತು ಇಲ್ಲಿ ಕಾಗದದಲ್ಲಷ್ಟೇ ಉಳಿದಿಲ್ಲ ಎಂಬುದನ್ನು ನಾನೇ ನೋಡಿದ್ದೇನೆ.

ಆದರೆ ಮೊದಲ ದಿನ ಒಳಗೆ ಕೂತದ್ದು ಎಂಟು ನಿಮಿಷ. ಹೊರಗಿನ ಬೆಂಚಿನಲ್ಲಿ ನಲವತ್ತು ಜನರಿದ್ದರು, ವೈದ್ಯರು ಒಬ್ಬರೇ. ಹುಡುಗ ಒಂದೆಡೆ ಕೂರುವುದಿಲ್ಲ, ಸಿಟ್ಟು ಬಂದರೆ ಕೈಗೆ ಸಿಕ್ಕಿದ್ದನ್ನು ಎಸೆಯುತ್ತಾನೆ ಎಂದು ತಾಯಿ ಹೇಳಿ ಮುಗಿಸುವಷ್ಟರಲ್ಲಿ ರಿಸ್ಪೆರಿಡೋನ್ ಎಂಬ ಮನೋವಿಕಾರ ನಿರೋಧಕ ಮಾತ್ರೆ ಬರೆದಾಗಿತ್ತು. ಅದು ಕೆಟ್ಟ ಔಷಧವೆಂದು ನಾನು ಹೇಳುವುದಿಲ್ಲ. ಆಟಿಸಂ ಇರುವ ಮಕ್ಕಳ ತೀವ್ರ ಸಿಡುಕಿಗೆ ಅದನ್ನು ಬಳಸಲು ಅಮೆರಿಕದ ಔಷಧ ನಿಯಂತ್ರಕರು 2006ರಲ್ಲೇ ಒಪ್ಪಿಗೆ ಕೊಟ್ಟಿದ್ದಾರೆ. ಆದರೆ ಅದು ಹಸಿವನ್ನೂ ತೂಕವನ್ನೂ ಏರಿಸುತ್ತದೆ, ಆದ್ದರಿಂದ ಕೊಡುವ ಮೊದಲೂ ಆಮೇಲೂ ತೂಕ ಮತ್ತು ರಕ್ತದ ಸಕ್ಕರೆ ನೋಡುತ್ತಿರಬೇಕು. ಆ ದಿನ ತೂಕ ನೋಡಲಿಲ್ಲ. ನಮ್ಮ ಶಾಲೆಯ ದಾಖಲೆಯಲ್ಲಿ ಅವನ ತೂಕ 24 ಕಿಲೋ ಇತ್ತು. ಅಕ್ಟೋಬರ್ ಹೊತ್ತಿಗೆ 29 ಆಗಿತ್ತು. ಸಮವಸ್ತ್ರದ ಚಡ್ಡಿಯ ಗುಂಡಿ ಹಾಕಲಾಗದೆ ಪಿನ್ನು ಚುಚ್ಚಿಕೊಂಡು, ಅದು ಕಾಣದಂತೆ ಅಂಗಿಯನ್ನು ಹೊರಗೆ ಬಿಟ್ಟುಕೊಂಡು ಬರುತ್ತಿದ್ದ. ಅವನ ತಾಯಿ ಒಂದು ದಿನ ಶಾಲೆಯ ಜಗಲಿಯಲ್ಲಿ ನಿಂತು, "ಅಕ್ಕೋರೆ, ಮಾತ್ರೆ ತಗಂಡ ಮೇಲೆ ಗಲಾಟೆ ಇಲ್ಲ, ಆದ್ರೆ ಹುಡುಗ ನಗೂದನ್ನೇ ಬಿಟ್ಟಿದ್ದಾನೆ" ಎಂದರು.

ಇದೇ ಅವಧಿಯಲ್ಲಿ ನನ್ನ ಅಕ್ಕನ ಮಗನಿಗೂ ಹೆಚ್ಚುಕಡಿಮೆ ಇದೇ ತೊಂದರೆಯಿತ್ತು. ಅಕ್ಕ, ಭಾವ ಇಬ್ಬರೂ ನೌಕರಿಯಲ್ಲಿದ್ದಾರೆ; ದೊಡ್ಡ ಊರಿನ ಖಾಸಗಿ ಆಪ್ತಸಲಹೆಗಾರರ ಬಳಿಗೆ ವಾರಕ್ಕೊಮ್ಮೆಯಂತೆ ಎಂಟು ವಾರ ಹೋಗಿ, ಮಗು ರೇಗಿದಾಗ ತಾವು ಹೇಗೆ ನಡೆದುಕೊಳ್ಳಬೇಕೆಂಬುದನ್ನು ಕಲಿತು ಬಂದರು. ಅವನಿಗೆ ಮಾತ್ರೆಯ ಅಗತ್ಯವೇ ಬೀಳಲಿಲ್ಲ. ಇಬ್ಬರು ಹುಡುಗರ ಕಾಯಿಲೆ ಒಂದೇ ಎಂದು ನಾನು ಹೇಳಲಾರೆ, ಆದರೆ ಒಬ್ಬನ ಮನೆಯವರಿಗೆ ಎಂಟು ವಾರ ಸಿಕ್ಕಿತು, ಇನ್ನೊಬ್ಬನ ಮನೆಯವರಿಗೆ ಎಂಟು ನಿಮಿಷ ಸಿಕ್ಕಿತು ಎಂಬುದು ನನ್ನನ್ನು ಈಗಲೂ ಕೊರೆಯುತ್ತದೆ. ಇದು ನಮ್ಮ ಕರಾವಳಿಯೊಂದರ ಕಥೆಯಲ್ಲ. ಅಮೆರಿಕದಲ್ಲಿ ಬಡವರಿಗಾಗಿ ಸರ್ಕಾರ ನಡೆಸುವ ಮೆಡಿಕೇಡ್ ವಿಮೆಯಲ್ಲಿರುವ ಮಕ್ಕಳಿಗೆ ಇದೇ ಬಗೆಯ ಮನೋವಿಕಾರ ನಿರೋಧಕ ಔಷಧಗಳನ್ನು, ಖಾಸಗಿ ವಿಮೆಯುಳ್ಳ ಮನೆಯ ಮಕ್ಕಳಿಗಿಂತ ನಾಲ್ಕು ಪಟ್ಟು ಹೆಚ್ಚಿನ ಪ್ರಮಾಣದಲ್ಲಿ ಬರೆಯಲಾಗುತ್ತಿದೆ ಎಂದು 2009ರಲ್ಲಿ ಅಲ್ಲಿನ ಸಂಶೋಧಕರು ತೋರಿಸಿದ್ದರು. ಬಡ ಮಕ್ಕಳ ಕಷ್ಟಗಳೇ ಹೆಚ್ಚು ತೀವ್ರವಾಗಿರಬಹುದು ಎಂಬ ವಿವರಣೆ ಬಂದಂತೆಯೇ, ಆಪ್ತಸಲಹೆಗೆ ಆ ವಿಮೆ ಕೊಡುವ ಹಣ ಕಡಿಮೆ, ಕೂಲಿ ಬಿಟ್ಟು ವಾರವಾರ ಬರುವುದು ತಂದೆತಾಯಿಗೆ ಕಷ್ಟ ಎಂಬ ವಿವರಣೆಯೂ ಬಂತು. ಎರಡನೆಯದು ನಿಜವೆಂದು ಒಪ್ಪಲು ನನಗೆ ಅಮೆರಿಕಕ್ಕೆ ಹೋಗಬೇಕಾಗಿಲ್ಲ.

ಈ ಹುಡುಗನ ತಂದೆ ಟ್ರಾಲ್ ಬೋಟಿನಲ್ಲಿ ದುಡಿಯುತ್ತಾರೆ, ತಾಯಿ ಬುಟ್ಟಿಯಲ್ಲಿ ಮೀನು ಹೊತ್ತು ಮಾರುತ್ತಾರೆ. ಮಂಗಳವಾರ ಆಸ್ಪತ್ರೆಗೆ ಬಂದರೆ ಆ ದಿನದ ವ್ಯಾಪಾರ ಹೋಯಿತು, ಮೇಲೆ ಇಬ್ಬರ ಬಸ್ಸಿನ ಖರ್ಚು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗಿಳಿಯುವಂತಿಲ್ಲ. ಕಳೆದ ವರ್ಷ ಆ 61 ದಿನಗಳಲ್ಲಿ ಮನೆಯಲ್ಲಿ ಬಸ್ಸಿಗೂ ಹಣವಿಲ್ಲದೆ ಎರಡು ಭೇಟಿ ತಪ್ಪಿತು, ಮಾತ್ರೆ ಮುಗಿಯಿತು, ಒಮ್ಮೆಲೇ ನಿಂತ ಔಷಧದಿಂದ ಹುಡುಗ ರಾತ್ರಿಯಿಡೀ ನಿದ್ದೆಯಿಲ್ಲದೆ ಒದ್ದಾಡಿದ. ಮಾತ್ರೆಯೊಂದೇ ಉಚಿತವಾದರೆ ಸಾಲದು ಎಂಬುದು ನನಗೆ ಅರ್ಥವಾದದ್ದು ಆಗ.

ಅಕ್ಟೋಬರ್ ಭೇಟಿಯಲ್ಲಿ ನಾನು ತೂಕದ ಲೆಕ್ಕವನ್ನು ಬರೆದು ವೈದ್ಯರ ಮುಂದಿಟ್ಟೆ. ಅವರು ಬೇಸರಪಡಲಿಲ್ಲ, ಬದಲಾಗಿ ಅಂದೇ ರಕ್ತಪರೀಕ್ಷೆ ಮಾಡಿಸಿ, ಅಲ್ಲಿಗೆ ಬರುವ ಆಪ್ತಸಮಾಲೋಚಕಿಯ ಬಳಿ ಕಳಿಸಿದರು. ಆಕೆ ಐದು ಸಲ ತಾಯಿಯ ಜೊತೆ ಕೂತು, ಮೀನು ಮಾರಿ ಬಂದು ದಣಿದಿರುವ ಸಂಜೆಯ ಹೊತ್ತಿನಲ್ಲಿ ಏನು ಮಾಡಲು ಸಾಧ್ಯ ಎಂಬುದನ್ನೇ ಹಿಡಿದು ಮಾತಾಡಿದರು. ಇಡೀ ಸೇವೆಯಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದದ್ದು ಇದು. ಇದು ಆರು ತಿಂಗಳು ಮೊದಲೇ, ನಾವು ಕೇಳದೆಯೇ ಸಿಗಬೇಕಿತ್ತು ಎಂಬುದೇ ನನ್ನ ದೊಡ್ಡ ಆಕ್ಷೇಪ.

ಹೋಗುವವರು ಬೆಳಿಗ್ಗೆ ಒಂಬತ್ತಕ್ಕೆ ಮೊದಲೇ ಚೀಟಿ ಮಾಡಿಸಿ. ಮಗುವಿನ ತೂಕ, ಊಟ, ನಿದ್ದೆಯನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಹೋಗಿ, ಆಪ್ತಸಮಾಲೋಚಕರು ಯಾವ ದಿನ ಇರುತ್ತಾರೆಂದು ಬಾಯಿಬಿಟ್ಟು ಕೇಳಿ, ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ. ಭೇಟಿ ತಪ್ಪಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ದಿನವಿಡೀ ತೆರೆದಿರುತ್ತದೆ, ಕನ್ನಡದಲ್ಲಿ ಮಾತಾಡುತ್ತಾರೆ.

ಈ ವರ್ಷ ಮೇ ಕೊನೆಯ ಮಂಗಳವಾರ ವೈದ್ಯರು ಮಾತ್ರೆಯನ್ನು ಅರ್ಧಕ್ಕಿಳಿಸಿದರು. ಬೋಟು ನಿಲ್ಲುವ ವಿಷಯವನ್ನು ತಾವಾಗಿಯೇ ಕೇಳಿ ತಿಳಿದುಕೊಂಡು, ಆಗಸ್ಟ್‌ವರೆಗೆ ಸಾಲುವಷ್ಟನ್ನು ಒಟ್ಟಿಗೇ ಕೊಟ್ಟು ಕಳಿಸಿದರು.