ಎಂಟು ತಿಂಗಳ ಎಐ ಕೋರ್ಸ್: ಕಬಡ್ಡಿ ಕಲಿಯಲು ಹೋದರೆ ಫುಟ್‌ಬಾಲ್ ತೋರಿಸಿದರು

ನಾನು ಕುಮಟಾ ಹತ್ತಿರದ ಒಂದು ಹೈಸ್ಕೂಲಿನ ಪಿ.ಟಿ. ಮಾಸ್ತರು. ಆಟದ ವಿಡಿಯೋಗಳನ್ನು ಎಐ ಬಳಸಿ ಅಳೆಯೋದು ಹೇಗೆ ಅಂತ ಕಲಿಸುವ ಈ ಆನ್‌ಲೈನ್ ಕೋರ್ಸಿಗೆ ಜೂನ್‌ನಲ್ಲಿ ಸೇರಿದೆ. ಫೀ 18 ಸಾವಿರ, ಆರು ಕಂತು.

ಉದಾಹರಣೆಗಳೆಲ್ಲ ಫುಟ್‌ಬಾಲಿನವು. ಎತ್ತರದ ಕ್ಯಾಮೆರಾ, ಹಸಿರು ಹುಲ್ಲು, ಆಟಗಾರರು ಮಾರು ಮಾರು ದೂರ. ನಮ್ಮ ಹುಡುಗಿಯರು ಆಡೋದು ಕಬಡ್ಡಿ. ಕೆಂಪು ಮಣ್ಣು, ಕೈ ಕೈ ಹಿಡಿದು ನಿಂತ ಏಳು ಜನ. ಸಾಲಿನ ತುದಿಯ ಕಾರ್ನರ್‌ನವಳು ರೈಡರ್‌ನ ಕಾಲು ಹಿಡಿದು ಮೇಲೆ ನಾಲ್ಕು ಜನ ಬಿದ್ದರೆ ಸಾಕು, ಪ್ರೋಗ್ರಾಮಿಗೆ ತಲೆ ಕೆಡುತ್ತದೆ. ಅದು 3ನೇ ನಂಬರ್ ಕೊಟ್ಟವಳು ಏಳುವಾಗ 6 ಆಗಿರುತ್ತಾಳೆ. ರೈಡರ್ ನಾಪತ್ತೆ. ವಿಡಿಯೋ ನೋಡಿದ ಒಬ್ಬಳು, "ಸರ್, ನಾನು ಔಟೂ ಆಗಿಲ್ಲ, ಒಳಗೂ ಇಲ್ಲ" ಅಂದಳು.

ಬೋನಸ್ ಗೆರೆಯದ್ದು ಬೇರೆ ಗೋಳು. ಕೋರ್ಸಿನಲ್ಲಿ ಕೊಟ್ಟ ಎಐ ಮಾಡೆಲ್ ಆಟಗಾರರ ಮೈಮೇಲೆ 17 ಬಿಂದು ಗುರುತಿಸುತ್ತದೆ. ಪಾದದ ಗಂಟಿಗೆ ಬಿಂದು ಇದೆ, ಬೆರಳಿಗಿಲ್ಲ. ರೈಡರ್‌ನ ಒಂದು ಪಾದ ಗೆರೆಯಾಚೆ, ಇನ್ನೊಂದು ಗಾಳಿಯಲ್ಲಿ ಇದ್ದರೆ ತಾನೇ ಬೋನಸ್ ಅಂಕ? ಗಂಟು ನೋಡಿ ತೀರ್ಪು ಕೊಡೋಕಾಗುತ್ತಾ? ಮೀಡಿಯಾಪೈಪ್ ಅನ್ನೋ ಗೂಗಲ್‌ನ ಇಂಥದೇ ಪ್ರೋಗ್ರಾಮಿನ 33 ಬಿಂದುಗಳಲ್ಲಿ ಹಿಮ್ಮಡಿ, ಪಾದದ ತುದಿ ಎರಡೂ ಇವೆ. ಅದನ್ನು ನಾನೇ ಹುಡುಕಿಕೊಳ್ಳಬೇಕಾಯಿತು.

ಮೆಂಟರ್ ಹತ್ತಿರ ಕೇಳಿದ್ದಕ್ಕೆ, "ನಿಮ್ಮ ಡೇಟಾ ನೀವೇ ಲೇಬಲ್ ಮಾಡಿ" ಅಂದರು. ಅಂದರೆ ವಿಡಿಯೋದ ಚಿತ್ರಗಳಲ್ಲಿ ಒಬ್ಬೊಬ್ಬ ಆಟಗಾರ್ತಿಯ ಸುತ್ತ ಚೌಕ ಎಳೆದು ಪ್ರೋಗ್ರಾಮಿಗೆ ತೋರಿಸಿಕೊಡಬೇಕು. ಒಂದು ರೈಡ್ ಅಂದರೆ ಹೆಚ್ಚೆಂದರೆ 30 ಸೆಕೆಂಡ್. ಸೆಕೆಂಡಿಗೆ 30 ಫ್ರೇಮ್ (ಬಿಡಿ ಚಿತ್ರ), ಒಟ್ಟು 900. ಹತ್ತಕ್ಕೊಂದು ಆರಿಸಿದರೂ 90 ಚಿತ್ರ. ರೈಡರ್ ಸೇರಿ ಎಂಟು ಜನಕ್ಕೆ 720 ಚೌಕ. ಎಲ್ಲ ಮೌಸ್ ಹಿಡಿದು ಕೈಯಾರೆ.

ಮಳೆಗಾಲವಿಡೀ ಇದೇ ಆಯಿತು. ಊಟ ಆದಮೇಲೆ ಜಗಲಿಯಲ್ಲಿ ಲ್ಯಾಪ್‌ಟಾಪ್, ಪಕ್ಕದಲ್ಲಿ ಒಂದು ಲೋಟ ಕಷಾಯ, ಹೋದ ವರ್ಷದ ಪಂದ್ಯದ ವಿಡಿಯೋ. ಕರೆಂಟ್ ಹೋದರೆ ಬ್ಯಾಟರಿ ಇರೋ ತನಕ. ಚೌಕವನ್ನು ಸೊಂಟಕ್ಕೆ ಸರಿಯಾಗಿ ಹಿಡಿದು, ಚಾಚಿದ ಕೈ ಹೊರಗೆ ಉಳಿಯದ ಹಾಗೆ ಮೂಲೆಯಿಂದ ಮೂಲೆಗೆ ಎಳೆಯಬೇಕು. ಆಯಿ ಒಂದು ದಿನ ಇಣುಕಿ, "ಎಂತದಾ ತಮಾ ಅದು, ರಂಗೋಲಿಯಾ?" ಅಂತ ಕೇಳಿದಳು. ಸುಳ್ಳು ಯಾಕೆ ಹೇಳಲಿ, ಬರಬರುತ್ತಾ ಅದೇ ರುಚಿ ಹತ್ತಿತು.

ಸೆಪ್ಟೆಂಬರಿನಲ್ಲಿ ಒಂದು ರಾತ್ರಿ ಕಂಡಿತು. ನಮ್ಮ ಎಡ ಕಾರ್ನರ್ ಹುಡುಗಿ ಹಿಡಿಯಲು ನುಗ್ಗುವ ಮೊದಲು ಬಲ ಹಿಮ್ಮಡಿ ಎತ್ತುತ್ತಾಳೆ. ಹಿಂದಿನ ರೈಡ್ ತೆಗೆದು ನೋಡಿದೆ, ಅಲ್ಲೂ ಹಾಗೇ. ಅದರ ಹಿಂದಿನದರಲ್ಲೂ. ಎದುರಿನ ರೈಡರ್‌ಗಳು ಅದನ್ನು ನೋಡಿಯೇ ಕಾಲು ಎಳೆದುಕೊಳ್ಳುತ್ತಿದ್ದರೇನೋ. ಎರಡು ವರ್ಷ ಸೀಟಿ ಹಿಡಿದು ಪಕ್ಕದಲ್ಲೇ ನಿಂತಿದ್ದರೂ ನನಗೆ ಕಂಡಿರಲಿಲ್ಲ. ಪ್ರೋಗ್ರಾಂ ಇದನ್ನು ಇವತ್ತಿಗೂ ಹೇಳಿಲ್ಲ.

ಐದಕ್ಕೆ ಎರಡು ಸ್ಟಾರ್ ಕೊಡೋಣ ಅಂತ ಬರೆಯೋಕೆ ಕೂತಿದ್ದೆ, ಮೂರು ಕೊಡ್ತೀನಿ. ಕಬಡ್ಡಿಯವರಾದರೆ ಕಂತು ಕಟ್ಟೋ ಮೊದಲು ನಿಮ್ಮದೇ ಒಂದು ವಿಡಿಯೋ ಕೊಟ್ಟು ಡೆಮೋ ಕೇಳಿ. ನಾನು ಈಗ 41ನೇ ರೈಡಿಗೆ ಚೌಕ ಹಾಕ್ತಾ ಇದ್ದೇನೆ.