ಬೀದರ್‌ಗೆ ಹೋಗ್ತೀರಾ? ‘ಎಲ್ಲಾ ತೋರಿಸ್ತೀನಿ’ ಅನ್ನೋ ಕಾರಿನ ಬಗ್ಗೆ ಹುಷಾರು

ವೀಕೆಂಡಿಗೆ ಬೀದರ್ ಅಂತ ಪ್ಲಾನ್ ಮಾಡಿದ್ದರೆ ಇದನ್ನು ಓದಿಕೊಂಡು ಹೊರಡಿ. ಲಾಡ್ಜಿನಲ್ಲಿ ಗೊತ್ತು ಮಾಡಿಕೊಡುವ ‘ಇಡೀ ದಿನದ’ ಕಾರು ಹತ್ತುವ ಮೊದಲು ಎಲ್ಲಿ ಎಷ್ಟು ಹೊತ್ತು ನಿಲ್ಲಿಸುತ್ತಾನೆ ಅಂತ ಬಾಯಿಬಿಟ್ಟು ಕೇಳಿ. ನಮ್ಮ ಡ್ರೈವರ್ ಬೆಳಿಗ್ಗೆಯೇ ಪೂರ್ತಿ ದುಡ್ಡು ಇಸ್ಕೊಂಡ, ಕೋಟೆಗೆ ಕೊಟ್ಟಿದ್ದು ಮಾತ್ರ ಮುಕ್ಕಾಲು ಗಂಟೆ. ಕಲ್ಲು ಕೊರೆದು ಮಾಡಿದ ಮೂರು ಸುತ್ತಿನ ಕಂದಕ ಇರುವ ಕೋಟೆ ಸ್ವಾಮಿ ಅದು! ಸೋಳಾ ಖಂಬ ಮಸೀದಿ ದಾಟುವಷ್ಟರಲ್ಲೇ ಫೋನ್ ಮೇಲೆ ಫೋನ್. ಕೋಟೆಯೊಳಗಿನ ಅರಮನೆ ರಂಗೀನ್ ಮಹಲ್‌ಗೆ ಬೀಗ ಬಿದ್ದಿತ್ತು. ‘ಅದು ಯಾವಾಗ್ಲೂ ಬಂದ್ ಇರ್ತದರೀ’ ಅಂದ ಡ್ರೈವರ್. ಕೋಟೆಯೊಳಗಿನ ಮ್ಯೂಸಿಯಂನಲ್ಲಿ ಕೇಳಿಕೊಂಡರೆ ಬೀಗ ತೆಗೆದು ತೋರಿಸುತ್ತಾರೆ ಅಂತ ಅಲ್ಲೇ ಸಿಕ್ಕ ಇನ್ನೊಂದು ಕುಟುಂಬ ಹೇಳಿತು, ಅಷ್ಟರಲ್ಲಿ ಇವನು ಹಾರ್ನ್ ಹೊಡೆಯುತ್ತಿದ್ದ. ಆ ಮಹಲಿನ ಕಪ್ಪು ಕಲ್ಲಿನಲ್ಲಿ ಕೂರಿಸಿದ ಮುತ್ತಿನ ಚಿಪ್ಪಿನ ಕೆಲಸ ನೋಡಬೇಕು ಅಂತಲೇ ಹೋಗಿದ್ದು ನಾವು.

ಬಹಮನಿ ಸುಲ್ತಾನರ ಮಂತ್ರಿ ಮಹಮೂದ್ ಗವಾನ್ ಕಟ್ಟಿಸಿದ 1472ರ ಮದರಸಾ? ಕಾರಿನ ಕಿಟಕಿಯಿಂದಲೇ ದರ್ಶನ.

ಈ ಅವಸರ ಎಲ್ಲಾ ಯಾಕೆ ಅಂತ ಮಧ್ಯಾಹ್ನ ಗೊತ್ತಾಯಿತು. ಊರ ಹೊರಗಿನ ಒಂದು ಅಂಗಡಿ, ‘ಅಸಲಿ ಬಿದ್ರಿ, ಫ್ಯಾಕ್ಟರಿ ರೇಟು’. ಬಿದ್ರಿ ಅಂದರೆ ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸಿ ಮಾಡುವ ಬೀದರಿನ ಕುಸುರಿ ಸಾಮಾನು. ಅಲ್ಲಿ ಮಾತ್ರ ಅವನಿಗೆ ಒಂಚೂರೂ ಅವಸರ ಇರಲಿಲ್ಲ, ಚಹಾ ಬೇರೆ ಬಂತು. ನನ್ನ ಹೆಂಡತಿ ಒಂದು ಹೂದಾನಿ ತಗೊಂಡಳು. ಮನೆಗೆ ಬಂದು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಬಟ್ಟೆಯೆಲ್ಲಾ ಕಪ್ಪು. ಫ್ರಿಜ್ಜಿನ ಬಾಗಿಲಿನ ಅಯಸ್ಕಾಂತ ಹಿಡಿದೆ, ಟಕ್ ಅಂತ ಅಂಟಿಕೊಂಡಿತು!

ಅಸಲಿ ಬಿದ್ರಿಯಲ್ಲಿ ಸತು ಜಾಸ್ತಿ, ತಾಮ್ರ ಸ್ವಲ್ಪ, ಅದಕ್ಕೆ ಅಯಸ್ಕಾಂತ ಅಂಟುವುದೇ ಇಲ್ಲ. ಕಪ್ಪು ಬಣ್ಣ ಕೂಡ ಪೇಂಟ್ ಅಲ್ಲ, ಕೋಟೆಯ ಹಳೇ ಮಣ್ಣಿಗೆ ನವಸಾಗರ ಬೆರೆಸಿ ಉಜ್ಜಿದಾಗ ಲೋಹವೇ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಹೊಳೆಯುತ್ತಾ ಉಳಿಯುತ್ತದೆ. ಕೈಗೆ ಒಳ್ಳೇ ತೂಕ ಸಿಗುತ್ತದೆ. ಹಾಗಾಗಿ ಜೇಬಲ್ಲಿ ಒಂದು ಚಿಕ್ಕ ಅಯಸ್ಕಾಂತ ಇರಲಿ, ಅಂಗಡಿಯವನು ಮುಖ ಊದಿಸಿಕೊಂಡರೆ ಊದಿಸಿಕೊಳ್ಳಲಿ. ಅಲ್ಯೂಮಿನಿಯಂ ಆದರೆ ಅಯಸ್ಕಾಂತಕ್ಕೆ ಸಿಗುವುದಿಲ್ಲ, ಆದರೆ ಎತ್ತಿದ ಕೂಡಲೇ ಹಗುರ ಅಂತ ಗೊತ್ತಾಗಿಬಿಡುತ್ತದೆ. ಇನ್ನೂ ಒಳ್ಳೆಯದು ಅಂದರೆ ಹಳೇ ಊರಿನಲ್ಲಿ ಕುಶಲಕರ್ಮಿಗಳು ಕೂತು ಬೆಳ್ಳಿ ತಂತಿ ಬಡಿಯುವ ಜಾಗಕ್ಕೇ ಹೋಗಿ, ಕೆಲಸ ನೋಡಿ, ಅವರ ಹತ್ತಿರವೇ ತಗೊಳ್ಳಿ.

ಬಹಮನಿ ಸುಲ್ತಾನರ ಗೋರಿಗಳಿರುವ ಅಷ್ಟೂರಿಗೆ ಕರ್ಕೊಂಡು ಹೋಗಪ್ಪಾ ಅಂದರೆ ‘ಸರ್, ಅಲ್ಲೇನದರೀ ನೋಡ್ಲಾಕ್, ಬರೀ ಗೋರಿಗಳವ’ ಅಂದ. ಸಿಡಿಲು ಬಡಿದು ಅರ್ಧ ಸೀಳಿ ನಿಂತಿರುವ ಹುಮಾಯೂನ್ ಬಹಮನಿಯ ಗುಮ್ಮಟ ಇರುವುದು ಅಲ್ಲೇ. ಊರಿನಿಂದ ಮೂರ್ನಾಲ್ಕು ಕಿಲೋಮೀಟರ್ ಅಷ್ಟೇ, ಆಟೋ ಸಾಕು.

ಹಳೇ ಊರಿನ ನಡುವಿನ ಗೋಪುರ ಚೌಬಾರಾದಿಂದ ಮದರಸಾ, ಅಲ್ಲಿಂದ ಕೋಟೆ, ಇಷ್ಟೂ ಒಂದೇ ಕಡೆ ಸಿಗುತ್ತದೆ, ನಡೆದೇ ನೋಡಬಹುದು. ಕಾರು ಬೇಕೇ ಬೇಕು ಅನ್ನುವವರು ಅರ್ಧ ದುಡ್ಡು ಸಂಜೆಗೆ ಉಳಿಸಿಕೊಳ್ಳಿ, ‘ಅಂಗಡಿಗೆ ಹೋಗಲ್ಲ’ ಅಂತ ಮೊದಲೇ ಹೇಳಿಬಿಡಿ. ಅಷ್ಟೂರಿಗೆ ಟಾರ್ಚ್ ಒಯ್ಯಿರಿ, ಅಲ್ಲಿನ ಸುಲ್ತಾನ ಅಹ್ಮದ್ ಶಾಹ್ ಗೋರಿಯ ಒಳಗೆ ಕತ್ತಲು, ಚಿತ್ತಾರ ಎಲ್ಲಾ ಇರುವುದು ಗೋಡೆ ಮತ್ತು ಮೇಲ್ಛಾವಣಿಯಲ್ಲಿ.